ಸ್ಕೋರರ್ ನೋಡದ ಚೆಂಡು

"ಆಟಗಾರರಾಗಿದ್ದಾಗಿನ ಅನುಭವ ಅಂತ ಒಂದು ಕಾಲಂ ಇದೆ. ಖಾಲಿ ಬಿಟ್ಟಿದೀರಲ್ಲ?" ಫಾರಂ ನೋಡುತ್ತಾ ಸ್ಕೋರರ್ ಹುಡುಗಿ ಕೇಳಿದಳು.

ಮಕ್ಕಳ ಬೇಸ್‌ಬಾಲ್ ತಂಡದ ಕೋಚ್ ಕ್ಲಬ್ ಆಫೀಸಿನ ಬಾಗಿಲಲ್ಲಿ ಬೂಟಿನ ಮಣ್ಣು ಕೊಡವುತ್ತಾ ನಕ್ಕ. "ಒಂಬತ್ತು ವರ್ಷ ಕೋಚ್ ಆಗಿದ್ದು ಬರೆದಿದೀನಲ್ಲ, ಸಾಕು ಬಿಡಿ."

"ಸಾಕಾಗಲ್ಲ. ಮಕ್ಕಳ ಅಪ್ಪ ಅಮ್ಮ ಓದೋ ಕ್ಲಬ್ ಪುಸ್ತಕಕ್ಕೆ ಇದು."

"ಹಾಗಾದ್ರೆ, ಕೈ ಸರಿ ಇರಲಿಲ್ಲ, ಆಟ ಬಿಟ್ಟ ಅಂತ ಬರೀರಿ."

ತಮಾಷೆಗೆ ಹೇಳಿದ ಮಾತು. ಆದರೆ ಸ್ಕೋರರ್ ಹುಡುಗಿ ಎತ್ತಿದ್ದ ಪೆನ್ನನ್ನು ಕೆಳಗಿಟ್ಟಳು. ಹುಡುಗಿಯೇನು ಬಂತು, ಮೂವತ್ತು ತುಂಬಿದೆ. ಕ್ಲಬ್ಬಿನವರ ಬಾಯಲ್ಲಿ ಮಾತ್ರ ಇನ್ನೂ ಹುಡುಗಿಯೇ. ಕೈ ಸರಿಯಿಲ್ಲವೆಂದು ಅವನನ್ನು ನಂಬಿಸಿದ್ದವಳು ಅವಳೇ.

ಹನ್ನೊಂದು ವರ್ಷದ ಹಿಂದೆ ಅವಳು ಸ್ಕೋರ್ ಬರೆದ ಮೊದಲ ದೊಡ್ಡ ಮ್ಯಾಚು ಅದು. ಆಟಗಾರರನ್ನು ಆರಿಸುವವರು ಬಂದು ಕೂತಿದ್ದರು. ನೆಲದಲ್ಲಿ ಉರುಳಿ ಬಂದ ಚೆಂಡು ಅವನ ಕೈ ತಪ್ಪಿಸಿಕೊಂಡು ಹೋಯಿತು. ಆಟಗಾರನ ತಪ್ಪಾದರೆ ಹಾಳೆಯಲ್ಲಿ 'ಎರರ್' ಎಂದು ಬರೆಯಬೇಕು. ಚೆಂಡೇ ಅಡ್ಡದಿಡ್ಡಿ ಎಗರಿದ್ದರೆ ಬರೆಯುವಂತಿಲ್ಲ. ಅವಳು ಎರರ್ ಎಂದು ಬರೆದಳು.

ಸಂಜೆ ಅಂಪೈರ್ ಆಗಿದ್ದ ಸೋದರಮಾವ, "ಚೆಂಡು ಕಲ್ಲಿಗೆ ತಾಗಿ ಎಗರಿತಲ್ಲೇ! ನೀನು ಎಲ್ಲಿ ನೋಡ್ತಿದ್ದೆ?" ಎಂದಿದ್ದ. ತಿದ್ದಲು ಒಂದು ದಿನದ ಅವಕಾಶವಿತ್ತು. ಆದರೆ ಎಲ್ಲಿ ನೋಡುತ್ತಿದ್ದಳೆಂದು ಕಮಿಟಿಯ ಮುಂದೆ ಹೇಳಬೇಕಿತ್ತು. ಹತ್ತೊಂಬತ್ತರ ಬುದ್ಧಿ, ನಾಚಿಕೆಗೆ ಬಾಯಿ ಹೊಲಿದುಕೊಂಡು ಕೂತಳು. ಅವನನ್ನು ಆರಿಸಲಿಲ್ಲ. ಅದೇ ವರ್ಷ ಆಟ ಬಿಟ್ಟ.

ಅವನು ಈ ಕ್ಲಬ್ಬಿಗೆ ಬಂದು ಎರಡು ವರ್ಷ. ಪ್ರಾಕ್ಟೀಸ್ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಟೀ ಕುಡಿಯದ ದಿನವಿಲ್ಲ. ಹೋದ ವಾರ "ಅಮ್ಮ ನಿಮ್ಮನ್ನ ನೋಡ್ಬೇಕಂತೆ" ಎಂದವನು, ಹೇಳಿಯಾದ ಮೇಲೆ ತಾನೇ ಕಿವಿವರೆಗೂ ಕೆಂಪಾಗಿದ್ದ. ಈಗ ಬಾಯಿಬಿಟ್ಟರೆ ಅದೆಲ್ಲ ಮುಗಿದಂತೆ. ಬಿಡದಿದ್ದರೆ ಜೀವನಪೂರ್ತಿ ಕಳ್ಳಿಯ ಹಾಗೆ ಅವನ ಮುಖ ನೋಡಬೇಕು.

ಹೇಳಿಬಿಟ್ಟಳು. ಎಲ್ಲಿ ನೋಡುತ್ತಿದ್ದಳೆಂಬುದೊಂದನ್ನು ಬಿಟ್ಟು, ಎಲ್ಲ.

ಅವನು ನಿಂತಲ್ಲೇ ನಿಂತ. "ಇಷ್ಟು ವರ್ಷ ನನ್ನ ಕೈನೇ ಬೈಕೊಂಡಿದೀನಿ ಕಣ್ರೀ. ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನಾನು ಚೆಂಡು ನೋಡ್ತಿರಲಿಲ್ಲ."

"ಮತ್ತೇನು ನೋಡ್ತಿದ್ರಿ?"

"ನಿಮ್ಮನ್ನ."

ಅವನು ತಿರುಗಿ ಹೊರಟೇಹೋದ.

ಮುಗಿಯಿತು ಎಂದುಕೊಂಡಳು. ಕಮಿಟಿಗೆ ಕಾಗದ ಬರೆಯಲು ಕೂತಳು: ಆ ತಪ್ಪು ಅವರದಲ್ಲ, ನನ್ನದು. ಸ್ಕೋರರ್ ಕೆಲಸ ಹೋದರೆ ಹೋಗಲಿ. ಸಹಿ ಹಾಕುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಅವನ ಕೈಯಲ್ಲಿ ಬ್ಯಾಟು.

"ಬನ್ನಿ. ನೆಲದಲ್ಲಿ ಉರುಳೋ ಹಾಗೆ ಹೊಡೀರಿ."

ಮಕ್ಕಳೆಲ್ಲ ಹೋಗಿ ಮೈದಾನ ಬಿಕೋ ಎನ್ನುತ್ತಿತ್ತು. ಮೊದಲನೆಯದು ಹೊಡೆದಳು, ಹಿಡಿದ. ಎರಡನೆಯದೂ ಹಿಡಿದ. ಅವಳ ಹೊಡೆತವೋ, ಒಂದು ಅತ್ತ, ಒಂದು ಇತ್ತ. ಆದರೂ ಓಡಿ ಬಾಗಿ ಹಿಡಿದ. ಹತ್ತಾಯಿತು, ಹದಿನೈದಾಯಿತು. ಆಮೇಲೆ ಗ್ಲವ್ ತೆಗೆದು ತನ್ನ ಕೈಯನ್ನೇ ನೋಡುತ್ತಾ ನಿಂತ.

"ಚೆನ್ನಾಗೇ ಇದೆಯಲ್ರೀ," ಎಂದ.

ಅವಳಿಗೆ ಅಳು ತಡೆಯಲಾಗಲಿಲ್ಲ. "ಕೋಪ ಹೋಯ್ತಾ?"

"ಅಷ್ಟು ಬೇಗ ಎಲ್ಲಿ ಹೋಗುತ್ತೆ? ಹನ್ನೊಂದು ವರ್ಷದ್ದು. ದಿನಾ ಬಂದು ಹೀಗೇ ಹೊಡೀಬೇಕು ನೀವು."

"ಎಷ್ಟು ದಿನ?"

"ಯಾಕೆ, ಅವಸರನಾ?"

ಅವಳಿಗೆ ಅವಸರವೇನೂ ಇರಲಿಲ್ಲ. ಕಣ್ಣೊರೆಸಿಕೊಂಡು ಇನ್ನೊಂದು ಚೆಂಡು ಎತ್ತಿಕೊಂಡಳು.