ತೆರ್ಸಿಲ್ಲಾ ಅಜ್ಜಿಯ ಪೀಪಾಯಿ

“ಅಜ್ಜಿ ಏನ್ ಕೊಟ್ರೂ ಕೈಯಲ್ಲಿ ಇಸ್ಕೋಬೇಡ, ಕೊರಾದೊ. ನೀರು ಕೊಟ್ರೂ ಅಷ್ಟೇ,” ಎಂದಳು ಅತ್ತೆ ಸೆಕೊಂದಿನಾ, ದ್ರಾಕ್ಷಿ ಬುಟ್ಟಿ ತೊಳೆಯುತ್ತಾ.

“ಇಸ್ಕೊಂಡ್ರೆ ಕಪ್ಪೆ ಆಗ್ಬಿಡ್ತೀನಾ ಅತ್ತೆ?”

“ಆದ್ರೆ ಒಳ್ಳೇದೇ. ಸೊಳ್ಳೆನಾದ್ರೂ ಹಿಡೀತೀಯ.”

ಕೊರಾದೊ ನಕ್ಕ. ತೊರಿನೊ ಪಟ್ಟಣದಲ್ಲಿ ವೈನ್ ಶಾಸ್ತ್ರ ಓದಿ ಬಂದ ಅಳಿಯ. ಲೋಟ ಮೂಸಿದರೆ ಸಾಕು, ದ್ರಾಕ್ಷಿ ಯಾವ ಇಳಿಜಾರಿನದು ಎಂದು ಹೇಳಿಬಿಡುತ್ತಿದ್ದ. ಕಿತ್ತವಳು ಹಿಂದಿನ ದಿನ ಏನು ಉಂಡಿದ್ದಳೆಂದೂ ಹೇಳುತ್ತಿದ್ದನೆಂದು ನಾನು ಆಣೆ ಇಟ್ಟು ಹೇಳುತ್ತೇನೆ. ಮನುಷ್ಯರನ್ನು ಮೂಸುವ ವಿದ್ಯೆ ಮಾತ್ರ ಅವನಿಗೆ ಬರುತ್ತಿರಲಿಲ್ಲ.

ತೆರ್ಸಿಲ್ಲಾ ಅಜ್ಜಿಯಂಥ ಮಾಟಗಾತಿ ನಮ್ಮ ಲಾಂಗೆ ಗುಡ್ಡಗಳಲ್ಲಿ ಇನ್ನೊಬ್ಬಳಿಲ್ಲ. ಅವಳು ಹುಬ್ಬು ಗಂಟಿಕ್ಕಿದರೆ ಪಕ್ಕದ ಕಣಿವೆಯಲ್ಲಿ ಹಾಲು ಒಡೆಯುತ್ತಿತ್ತು. ಅವಳಿಗೆ ಕೊನೆಯ ಪ್ರಾರ್ಥನೆ ಹೇಳಲು ಬಂದ ಮೂವರು ಪಾದ್ರಿಗಳು ಒಬ್ಬರ ಹಿಂದೊಬ್ಬರು ತಾವೇ ಹೋಗಿಬಿಟ್ಟರು. ಮುದುಕಿ ಹಾಗೇ ಉಳಿದಳು. ತನ್ನ ಮಾಟವನ್ನು ಇನ್ನೊಬ್ಬರ ಕೈಗೆ ದಾಟಿಸದೆ ಅಂಥವಳ ಉಸಿರು ನಿಲ್ಲುವುದಿಲ್ಲ. ಅವಳ ಕಣ್ಣಿದ್ದದ್ದು ಮೊಮ್ಮಗಳು ಲೀವಿಯಾಳ ಮೇಲೆ, ಅಂದರೆ ಕೊರಾದೊನ ತುಂಬು ಬಸುರಿ ಹೆಂಡತಿಯ ಮೇಲೆ.

ಇದೆಲ್ಲ ಕಟ್ಟುಕತೆಯೆಂದೇ ಕೊರಾದೊನ ಅನುಮಾನ. ನೆಲಮಾಳಿಗೆಯಲ್ಲಿ, ಅಜ್ಜಿಯ ಮಂಚದ ಪಕ್ಕ, ಒಂದು ಕಪ್ಪು ಪೀಪಾಯಿ ಇತ್ತು. ಮದುವೆಯಾದಾಗಿನಿಂದ ಅದರ ಒಂದು ಹನಿಯನ್ನೂ ಅವನಿಗೆ ತೋರಿಸಿರಲಿಲ್ಲ. ಮನೆಯ ಒಳ್ಳೆಯ ವೈನನ್ನು ಹೊರಗಿನವನಿಂದ ಬಚ್ಚಿಡಲು ಇಷ್ಟೆಲ್ಲ ನಾಟಕ.

ಮಧ್ಯಾಹ್ನ ಮಂಜು ಇಳಿಯಿತು. ನಮ್ಮ ಮಂಜಿನಲ್ಲಿ ನಾಯಿಗಳು ತಮ್ಮ ಬಾಲವನ್ನೇ ಹುಡುಕುತ್ತಾ ಪಕ್ಕದೂರು ಸೇರುತ್ತವೆ. ಯಾವಾಗಲೂ ಬೀಗ ಬಿದ್ದಿರುತ್ತಿದ್ದ ನೆಲಮಾಳಿಗೆಯ ಬಾಗಿಲು ಅಂದು ತೆರೆದಿತ್ತು. ಯಾಕೆಂದು ಯೋಚಿಸದೆ ಅವನು ಕೆಳಗಿಳಿದ.

ಒಳಗೆ ಒದ್ದೆ ಮರದ ವಾಸನೆ. ಗಂಧಕದ ಘಾಟು. ಅದರಡಿಯಲ್ಲಿ ಕೊಳೆತ ಗುಲಾಬಿಯದೊಂದು ಸಿಹಿ. ಮೋಂಬತ್ತಿಯ ಬೆಳಕಿನಲ್ಲಿ ಒಣಗಿದ ಕೈಯೊಂದು ಲೋಟ ಚಾಚಿತು.

“ತಗೋ ಮಗಾ. ಹೆದ್ರಿಕೆನಾ?”

“ನನಗಾ?” ಎಂದು ಇಸಿದುಕೊಂಡ.

ಬೆರಳಿಗೆ ಬೆರಳು ತಾಗಿತು. ಹಿಮದಷ್ಟು ತಣ್ಣಗಿತ್ತು. ಕುಡಿದ. ಮೊದಲು ಮಣ್ಣಿನ ರುಚಿ. ಆಮೇಲೆ ರಕ್ತದ್ದು. ಮೋಂಬತ್ತಿ ಆರಿತು. ಅಜ್ಜಿ ಹಾಯಾಗಿ ಉಸಿರು ಬಿಟ್ಟಳು. ಮತ್ತೆ ಎಳೆದುಕೊಳ್ಳಲಿಲ್ಲ. ಪೀಪಾಯಿಗಳೆಲ್ಲ ಒಮ್ಮೆಲೇ ಕುದಿಯತೊಡಗಿದವು. ಒಳಗಿನಿಂದ ಯಾರೋ ಬಡಿದರು. ಅವನ ಹೆಸರು ಹಿಡಿದು ಕರೆದರು. ಕಿರುಚಲು ಬಾಯಿ ತೆರೆದ. ಬಂದದ್ದು ಮುದುಕಿಯ ಕೆಮ್ಮು. ಎದ್ದು ಓಡಿದ. ಬಿದ್ದ. ತೆವಳಿದ. ಮೆಟ್ಟಿಲು ಹತ್ತಿದ.

ಅಡುಗೆಮನೆಯಲ್ಲಿ ಸೆಕೊಂದಿನಾ, ಲೀವಿಯಾ ಇಬ್ಬರೂ ಇಸ್ತ್ರಿ ಮಾಡಿದ ಸೂತಕದ ಕಪ್ಪು ಬಟ್ಟೆ ಉಟ್ಟು ಕೂತಿದ್ದರು.

“ಅಜ್ಜಿ ಹೋದ್ರಾ?” ಎಂದಳು ಅತ್ತೆ.

“ನಿಮಗೆ... ಮೊದ್ಲೇ ಗೊತ್ತಿತ್ತಾ?”

“ಲೀವಿಯಾನ ಕೇಳ್ಕೊಂಡು ಮೂರು ಹುಡುಗ್ರು ಬಂದಿದ್ರು. ಇಬ್ರು ಹೇಳಿದ ಮಾತು ಕೇಳೋರು. ಅದಕ್ಕೇ ಅವ್ರು ಬೇಡ ಅಂದೆ.”

ಕೊರಾದೊ ಹೆಂಡತಿಯ ಕಡೆ ಕೈ ಚಾಚಿದ. ಲೀವಿಯಾ ಹೊಟ್ಟೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕುರ್ಚಿಯ ಹಿಂದೆ ಸರಿದಳು. ಅವಳ ಕಣ್ಣು ತುಂಬಿತ್ತು. ದನಿಯಲ್ಲಿ ಮಾತ್ರ ನಡುಕವಿರಲಿಲ್ಲ.

“ಊಟ ನೆಲಮಾಳಿಗೆ ಮೆಟ್ಲ ಮೇಲೆ ಇಟ್ಟಿದೀನಿ, ಆರೋಕ್ಮುಂಚೆ ಉಂಡ್ಬಿಡು. ಮಗು ಹುಟ್ಟಿದ್ಮೇಲೆ ಕಿಟಕಿಯಿಂದ ತೋರಿಸ್ತೀನಿ.”