ಯಜಮಾನ್ರ ಕಿವಿ ಹಿಡಿದವರು

"ಒಂದು... ಎರಡು... ಮೂರು..."

ಸೈನ್ಸ್ ಟೀಚರ್ ಎಣಿಸತೊಡಗಿದರು. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ಸೀಟಿ. ಪುಟ್ಟ ಪಿಟೀಲು ಬೆರಳು ಮಡಚುತ್ತಾ ತಾನೂ ಎಣಿಸಿದಳು.

ತಾತನ ಹಳೇ ಟಿವಿಯಲ್ಲಿ ಈಗ ತಾನೇ ತಟ್ಟೆ ತಿರುಗಿಸುತ್ತಿದ್ದ ಜೋಕರ್ ಎತ್ತಲೋ ಮಾಯವಾಗಿದ್ದ. ಅವನಿದ್ದ ಜಾಗದಲ್ಲಿ ಬರೀ ಬಿಳಿ ಚುಕ್ಕೆಗಳು ಸೊರ್ರ್ ಎಂದು ಕುಣಿಯುತ್ತಿದ್ದವು.

"ನಾಲ್ಕು... ಐದು... ಆರು..."

ತಾತ ಚಾನೆಲ್ ಗುಂಡಿಯನ್ನು ಆ ಕಡೆ ಈ ಕಡೆ ಕಟಕಟ ತಿರುಗಿಸಿದರು. "ಬನ್ನಿ ಯಜಮಾನ್ರೇ, ಬನ್ನಿ. ನಾಲ್ಕು ಜನರ ಮುಂದೆ ಮಾನ ಕಳೀಬೇಡಿ!"

"ಏಳು... ಎಂಟು..."

ಟಪ್! ಜೋಕರ್ ವಾಪಸ್ ಬಂದ. ಅವನ ತಟ್ಟೆಗಳೂ ಬಂದವು. ತಾತ ಹಣೆ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು.

ಪಿಟೀಲು ಅಂದರೆ ತಾತನ ಮೊಮ್ಮಗಳು. ತೊಟ್ಟಿಲಲ್ಲಿದ್ದಾಗ ದಿನವಿಡೀ ಕುಯ್ಯೋ ಎಂದು ರಾಗ ಎಳೆಯುತ್ತಿದ್ದಳಂತೆ, ಅದಕ್ಕೇ ಆ ಹೆಸರು. ಯಜಮಾನ್ರು ಅಂದರೆ ಟಿವಿ. ಮರದ ಮೈ, ನಾಲ್ಕು ಕಾಲು, ಉಬ್ಬಿದ ಹೊಟ್ಟೆಯಂಥ ಗಾಜು. ಅದರ ಬಲಗಡೆಯ ಚಾನೆಲ್ ಗುಂಡಿಗೆ ಮನೆಯಲ್ಲಿ ಎಲ್ಲರೂ 'ಕಿವಿ' ಎನ್ನುತ್ತಿದ್ದರು.

ಕೆಲವರು ನಾಯಿ ಸಾಕುತ್ತಾರೆ, ಕೆಲವರು ಬೆಕ್ಕು ಸಾಕುತ್ತಾರೆ. ತಾತ ಮತ್ತು ಅವರ ಗೆಳೆಯರು ಹಳೇ ಟಿವಿ ಸಾಕುತ್ತಾರೆ! ವರ್ಷಕ್ಕೊಮ್ಮೆ ಶಾಲೆಯ ಹಾಲ್‌ನಲ್ಲಿ ಅವರ ಕೂಟ. ಇವತ್ತು ಹನ್ನೆರಡು ಟಿವಿಗಳು ಸಾಲಾಗಿ ಕೂತಿದ್ದವು. ಎಲ್ಲಕ್ಕೂ ಒಂದೇ ವಿಡಿಯೊ ಟೇಪ್ ಪ್ಲೇಯರಿನಿಂದ ವೈರು. ಹಾಗಾಗಿ ಹನ್ನೆರಡು ಜೋಕರ್‌ಗಳು ಒಟ್ಟಿಗೇ ತಟ್ಟೆ ತಿರುಗಿಸುತ್ತಿದ್ದರು.

ಪಂದ್ಯ ಸುಲಭ. ಹತ್ತು ಗಂಟೆಗೆ ಆನ್ ಮಾಡಿದ ಟಿವಿ ಎರಡು ಗಂಟೆಯವರೆಗೆ ಓಡಬೇಕು. ಬೆನ್ನಿನ ಮುಚ್ಚಳ ತೆಗೆಯುವ ಹಾಗಿಲ್ಲ. ತಲೆಯ ಮೇಲೆ ಗುದ್ದುವ ಹಾಗಿಲ್ಲ. ಹೊಸದೇನನ್ನೂ ಸೇರಿಸುವ ಹಾಗಿಲ್ಲ. ಚಿತ್ರ ಹೋದರೆ ಹತ್ತು ಎಣಿಸುವುದರೊಳಗೆ ಬರಬೇಕು. ಕೊನೆಯವರೆಗೆ ಓಡಿದ ಟಿವಿಗಳಿಗೆಲ್ಲ 'ಗಟ್ಟಿ ಪೆಟ್ಟಿಗೆ' ಎಂಬ ಸರ್ಟಿಫಿಕೇಟು.

ಇನ್ನೊಂದು ರೂಲ್ಸ್ ಇತ್ತು. ಸತತ ಮೂರು ವರ್ಷ ಸೋತ ಟಿವಿಯನ್ನು ಬಿಚ್ಚಿ, ಅದರ ಭಾಗಗಳನ್ನು ಉಳಿದವರು ಹಂಚಿಕೊಳ್ಳಬೇಕು. "ಓಡದ ಟಿವಿ ಮೂಲೇಲಿ ಧೂಳು ತಿನ್ನೋ ಬದಲು ಬೇರೆ ಟಿವಿಗಳಿಗಾದ್ರೂ ಜೀವ ಕೊಡಲಿ" ಎಂದು ಆ ರೂಲ್ಸ್ ಮಾಡಿದವರು ಬೇರೆ ಯಾರೂ ಅಲ್ಲ, ಸ್ವತಃ ತಾತ! ಆಗ ಯಜಮಾನ್ರು ಕುದುರೆಯ ಹಾಗಿದ್ದರು. ಹೋದ ವರ್ಷದ ಹಿಂದಿನ ವರ್ಷ ಹೊಗೆ ಬಂತು. ಹೋದ ವರ್ಷ ಚಿತ್ರ ಹೋಗಿ ಬರೀ ಒಂದು ಗೆರೆ ಉಳಿಯಿತು. ಇದು ಮೂರನೇ ವರ್ಷ.

ಹಲ್ಲಿನ ಡಾಕ್ಟರು ಆಗಲೇ ಯಜಮಾನ್ರ ಸುತ್ತ ಎರಡು ಪ್ರದಕ್ಷಿಣೆ ಹಾಕಿದ್ದರು. "ಪಿಕ್ಚರ್ ಟ್ಯೂಬ್ ಚೆನ್ನಾಗಿದೆ ರೀ. ನನ್ನ ಟಿವಿಗೂ ಇದೇ ಸೈಜು" ಎಂದು ಗಾಜು ಸವರಿದರು.

ಪಿಟೀಲಿಗೆ ಮೈಯೆಲ್ಲ ಉರಿಯಿತು. ಅಮ್ಮ ನಡೆಯಲು ಕಲಿತದ್ದು ಯಜಮಾನ್ರ ಕಾಲು ಹಿಡಿದು. ತಾನೂ ಅಷ್ಟೇ. ರಾತ್ರಿ ಆಫ್ ಮಾಡಿದಾಗ ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಅದಕ್ಕೆ 'ಗುಡ್ ನೈಟ್' ಹೇಳದೆ ಅವಳು ಮಲಗಿದ್ದೇ ಇಲ್ಲ. ಅಂಥ ಯಜಮಾನ್ರನ್ನು ಬಿಚ್ಚಿ ಹಂಚುವುದೇ?

ಸೊರ್ರ್! ಮತ್ತೆ ಜೋಕರ್ ಮಾಯ.

"ಒಂದು... ಎರಡು..."

ತಾತ ಮತ್ತೆ ಕಿವಿ ಹಿಂಡಿದರು. ಒಂಬತ್ತಕ್ಕೆ ಚಿತ್ರ ಬಂತು. "ಆರು ತಿಂಗಳು ಕೂತು ಒಳಗಿರೋದನ್ನೆಲ್ಲ ಹೊಸದು ಹಾಕಿದ್ದೀನಲ್ಲ! ಇದಕ್ಕೇನಪ್ಪಾ ಬಂತು ದೊಡ್ಡ ರೋಗ?"

ಪಿಟೀಲು ಹತ್ತಿರ ಬಂದು ಕಿವಿಯನ್ನೇ ನೋಡಿದಳು. ಗುಂಡಿಯ ಪಕ್ಕದಲ್ಲಿ ಒಂದು ಸಂದು. ಗುಂಡಿ ಆ ಸಂದಿನ ಕಡೆಗೆ ಮೆಲ್ಲಗೆ ವಾಲುತ್ತಿತ್ತು. ಅವಳಿಗೆ ಥಟ್ಟನೆ ನೆನಪಾಯಿತು.

ನಿನ್ನೆ ತಾತನಿಗೆ ಸರ್ಪ್ರೈಸ್ ಕೊಡೋಣ ಎಂದು ಅವಳು ಯಜಮಾನ್ರನ್ನು ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ ಉಜ್ಜಿ ಕ್ಲೀನ್ ಮಾಡಿದ್ದಳು. ಆಗ ಆ ಸಂದಿನಲ್ಲಿ ಕರ್ರಗಿನ, ಜಿಡ್ಡು ಹಿಡಿದ ಒಂದು ರಟ್ಟಿನ ಚೂರು ಸಿಕ್ಕಿಕೊಂಡಿತ್ತು. ಥೂ, ಕೊಳಕು! ಹೇರ್‌ಪಿನ್ನಿನಿಂದ ಎಳೆದು ಕಸದ ಡಬ್ಬಿಗೆ ಹಾಕಿದ್ದಳು. ಬೆಳಿಗ್ಗೆಯೇ ಕಸದ ಗಾಡಿ ಬಂದು ಹೋಗಿತ್ತು.

ಬಾಯಿ ಬಿಟ್ಟರೆ ಬಣ್ಣಗೇಡು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಆದರೆ ತಾತ ಯಜಮಾನ್ರ ಬೆನ್ನು ತಟ್ಟುತ್ತಾ, "ನಿನ್ನದೇನೂ ತಪ್ಪಿಲ್ಲ ಬಿಡಯ್ಯ. ನನ್ನ ಕೈಗೇ ವಯಸ್ಸಾಯ್ತು" ಎನ್ನುತ್ತಿದ್ದರು. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ತಾತಾ..." ಪಿಟೀಲಿನ ದನಿ ಪಿಟೀಲಿನ ಹಾಗೇ ರಾಗ ಎಳೆಯಿತು. "ಇಲ್ಲೊಂದು ರಟ್ಟಿತ್ತು. ಕಸ ಅಂತ ನಾನೇ ತೆಗೆದು ಬಿಸಾಕಿಬಿಟ್ಟೆ."

ತಾತ ಕಣ್ಣು ಕಣ್ಣು ಬಿಟ್ಟರು. ಬೈಗುಳ ಬರುತ್ತದೆ ಎಂದು ಪಿಟೀಲು ಕಣ್ಣು ಮುಚ್ಚಿಕೊಂಡಳು. ಕೇಳಿಸಿದ್ದು ನಗು!

"ಆ ಬೆಂಕಿಪೊಟ್ಟಣದ ರಟ್ಟು! ಅಯ್ಯೋ, ನಿಮ್ಮಮ್ಮ ಹುಟ್ಟಿದ ವರ್ಷ ನಾನೇ ಸಿಕ್ಕಿಸಿದ್ದು ಕಣೇ. ಕಿವಿ ಸಡಿಲ ಆಗಿತ್ತು. ಇವತ್ತಿಗೆ ಇದು ಇರ್ಲಿ, ನಾಳೆ ಸರಿಯಾಗಿ ರಿಪೇರಿ ಮಾಡೋಣ ಅಂದ್ಕೊಂಡಿದ್ದೆ."

"ಆಮೇಲೆ?"

"ಆ ನಾಳೆ ಇನ್ನೂ ಬಂದಿಲ್ಲ! ಬೆನ್ನು ಬಿಚ್ಚಿ ಬಿಚ್ಚಿ ನೋಡ್ದೆ, ಮುಂದುಗಡೆ ಕಣ್ಣು ಹಾಯಿಸ್ಲೇ ಇಲ್ಲ ನೋಡು." ತಾತ ಜೇಬಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು, ಅದರ ರಟ್ಟಿನ ಚೂರು ಹರಿದು ಸಂದಿನ ಬಳಿ ತಂದರು.

ಪೀ...! ಸೀಟಿ ಕೂಗಿತು. "ಹೊಸದೇನೂ ಸೇರಿಸೋ ಹಾಗಿಲ್ಲ" ಎಂದರು ಟೀಚರ್.

"ನಿಮ್ಮದೇ ರೂಲ್ಸು" ಎಂದು ಹಲ್ಲಿನ ಡಾಕ್ಟರು ಹಲ್ಲು ಬಿಟ್ಟರು.

ಸೊರ್ರ್! ಜೋಕರ್ ಮತ್ತೆ ಹೋದ. ಪಿಟೀಲು ಯಾರನ್ನೂ ಕೇಳಲಿಲ್ಲ. ನೇರವಾಗಿ ಹೋಗಿ ಕಿವಿ ಹಿಡಿದು, ಎಡಗಡೆಗೆ ಸ್ವಲ್ಪ ಒತ್ತಿದಳು. ಟಪ್! ಜೋಕರ್ ಬಂದ. ಕೈ ತೆಗೆಯಲಿಲ್ಲ. ಜೋಕರ್ ಹೋಗಲಿಲ್ಲ.

"ಇದೆಲ್ಲ ಆಗಲ್ಲ ಪುಟ್ಟಾ" ಎಂದು ಡಾಕ್ಟರು ರೂಲ್ಸಿನ ಹಾಳೆ ತೆಗೆದರು. "ಗುಂಡಿ ತಿರುಗಿಸಬಹುದು ಅಂತಿದೆ. ಹಿಡ್ಕೊಂಡೇ ಇರಬಹುದು ಅಂತ ಎಲ್ಲಿದೆ?"

ಟೀಚರ್ ಹಾಳೆಯನ್ನು ಎರಡು ಸಲ ಓದಿದರು. "ಹಿಡ್ಕೋಬಾರದು ಅಂತಾನೂ ಎಲ್ಲೂ ಇಲ್ವಲ್ಲ ಡಾಕ್ಟ್ರೇ!"

ಆಗ ಗಂಟೆ ಹನ್ನೊಂದು. ಇನ್ನೂ ಮೂರು ಗಂಟೆ!

ಮೊದಲು ಮಜವಾಗಿತ್ತು. ಆಮೇಲೆ ಮೂಗು ತುರಿಸಿತು, ತಾತ ಕೆರೆದರು. ಬಾಯಾರಿತು, ತಾತ ನೀರು ಕುಡಿಸಿದರು. ಹನ್ನೆರಡು ಹೊಡೆಯುವಷ್ಟರಲ್ಲಿ ಬೆರಳು ತನ್ನದೋ ಪಕ್ಕದವರದೋ ಎಂದೇ ತಿಳಿಯದಾಯಿತು.

"ಸಾಕು, ನಾನು ಹಿಡೀತೀನಿ" ಎಂದು ತಾತ ಕೈ ಹಾಕಿದರು. ಆದರೆ ತಾತನ ಕೈ ನಡುಗಿತು. ಜೋಕರ್ ಚಳಿ ಜ್ವರ ಬಂದವನ ಹಾಗೆ ಗಡಗಡ ಅಲ್ಲಾಡಿದ. ಪಿಟೀಲು ಹಲ್ಲು ಕಚ್ಚಿ ಮತ್ತೆ ತಾನೇ ಹಿಡಿದಳು. ಕಣ್ಣಲ್ಲಿ ನೀರು ಬಂತು.

"ಆ ಕಡೆ ಸರಿ ಸ್ವಲ್ಪ" ಎಂದಿತು ಪಕ್ಕದಿಂದ ಒಂದು ದನಿ. ಮರದ ಬಾಗಿಲಿರುವ ಟಿವಿ ತಂದಿದ್ದ ದರ್ಜಿ ಆಂಟಿ! "ಇಡೀ ದಿನ ಸೂಜಿ ಹಿಡಿಯೋ ಬೆರಳು ನಂದು. ಕೊಡಿಲ್ಲಿ." ಅರ್ಧ ಗಂಟೆ ಅವರು ಹಿಡಿದರು. ಆಮೇಲೆ ಬಸ್ ಡ್ರೈವರ್ ಅಂಕಲ್ ಬಂದು, ಸ್ಟಿಯರಿಂಗ್ ಹಿಡಿದ ಹಾಗೆ ಕೂತರು. "ರೈಟ್ ರೈಟ್!" ಎಂದು ಪಿಟೀಲು ಕೂಗಿದಳು. ಹಾಲ್ ಪೂರ್ತಿ ನಕ್ಕಿತು.

ಒಂದೂವರೆಗೆ ಪುಸ್ಸ್ ಎಂದು ಒಂದು ಟಿವಿ ಆರಿತು. ಟೀಚರ್ ಹತ್ತು ಎಣಿಸಿ ಸೀಟಿ ಊದಿದರು. ಅದು ಹಲ್ಲಿನ ಡಾಕ್ಟರ ಟಿವಿ. ಅವರ ಮುಖ ಪೆಚ್ಚಾಯಿತು. ಈಗ ಯಜಮಾನ್ರು ಸೋತರೆ ಅವರಿಗೆ ಹೊಸ ಟ್ಯೂಬು ಸಿಗುತ್ತದೆ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಡ್ರೈವರ್ ಅಂಕಲ್, "ಅಯ್ಯಯ್ಯೋ, ಬೆರಳು ಹಿಡ್ಕೊಂಡ್ಬಿಡ್ತು!" ಎಂದು ಕೈ ಒದರಿದರು. ಜೋಕರ್ ಹೋದ. ಪಿಟೀಲು ಹಾಲ್‌ನ ಆ ತುದಿಯಲ್ಲಿ ಬಾಳೆಹಣ್ಣು ತಿನ್ನುತ್ತಿದ್ದಳು. ಹಣ್ಣು ಬಿಟ್ಟು ಓಡಿದಳು.

"ನಾಲ್ಕು... ಐದು..."

ಅವಳಿಗಿಂತ ಮೊದಲೇ ಒಂದು ಕೈ ಕಿವಿ ಹಿಡಿಯಿತು. ಜೋಕರ್ ಬಂದ, ಒಂಚೂರೂ ಅಲುಗಾಡದೆ ನಿಂತ.

ಹಲ್ಲಿನ ಡಾಕ್ಟರು!

"ಏನ್ ಹಾಗೆ ನೋಡ್ತೀಯ?" ಎಂದರು ಅವರು. "ಅಳೋ ಮಕ್ಕಳ ಹಲ್ಲು ಕೀಳೋ ಕೈ ಇದು. ನಡುಗಲ್ಲ."

"ಟ್ಯೂಬು ಬೇಡ್ವಾ ಅಂಕಲ್?"

"ಬೇಕು. ಆದ್ರೆ ಇಷ್ಟು ಜನ ಹಿಡ್ಕೊಂಡಿರೋದನ್ನ ಕೀಳೋಕೆ ನನ್ನ ಕೈಲಾಗಲ್ಲಮ್ಮ" ಎಂದು ನಕ್ಕರು.

ಎರಡು ಹೊಡೆಯಿತು. ಸೀಟಿ ಕೂಗಿತು. ತಾತ ಡಾಕ್ಟರನ್ನು ತಬ್ಬಿಕೊಂಡು ಎತ್ತಲು ಹೋಗಿ, ಇಬ್ಬರೂ ಬೀಳುವುದೊಂದು ಬಾಕಿ. ಪಿಟೀಲು ಕುಣಿದಳು. ಯಜಮಾನ್ರು ಉಳಿದರು!

ಸಂಜೆ ಮನೆಯಲ್ಲಿ ತಾತ ರಟ್ಟು ಹುಡುಕುತ್ತಾ ಕೂತರು. ಬಿಸ್ಕತ್ತಿನದು ತೆಳು. ಚಪ್ಪಲಿ ಡಬ್ಬಿಯದು ದಪ್ಪ. ಪಿಟೀಲು ಸರ್ಟಿಫಿಕೇಟನ್ನು ಮುಟ್ಟಿ ನೋಡಿದಳು. ಗಟ್ಟಿ ಕಾಗದ. ಕತ್ತರಿ ತಂದು ಅದರ ಮೂಲೆಯನ್ನು ಕಚಕ್ಕನೆ ಕತ್ತರಿಸಿದಳು. ತಾತ ಆ ತುಂಡನ್ನು ಬೆರಳಲ್ಲಿ ಒತ್ತಿ ನೋಡಿದರು.

"ಎರಡು ಮಡಿಕೆ ಸಾಕೇನೋ" ಎಂದರು.

"ಮೂರು ಬೇಕು" ಎಂದಳು ಪಿಟೀಲು. ಎಷ್ಟು ಒತ್ತಬೇಕು ಎಂದು ಅವಳ ಬೆರಳಿಗೆ ಗೊತ್ತಿತ್ತು. ಮೂರು ಮಡಿಕೆ ಮಾಡಿ ಸಂದಿನಲ್ಲಿ ಸಿಕ್ಕಿಸಿ, ಮೆಲ್ಲಗೆ ಕೈ ತೆಗೆದಳು. ಚಿತ್ರ ಕದಲಲಿಲ್ಲ.

ಅಷ್ಟರಲ್ಲಿ ಅಮ್ಮ ಒಳಗೆ ಬಂದರು. "ಇದೇನೇ ಇದು, ಇಷ್ಟು ಚೆಂದ ಕ್ಲೀನ್ ಮಾಡಿ ಇಲ್ಲೊಂದು ಕಸ ಬಿಟ್ಟಿದ್ದೀಯಲ್ಲ" ಎಂದು ರಟ್ಟಿಗೆ ಕೈ ಹಾಕಿದರು.

"ಮುಟ್ಬೇಡ!" ತಾತ ಮೊಮ್ಮಗಳು ಒಟ್ಟಿಗೇ ಕಿರುಚಿದರು.

ಪಿಟೀಲು ಓಡಿ ಹೋಗಿ ಅಮ್ಮನ ಕೈ ಹಿಡಿದುಕೊಂಡಳು. ಅವಳ ಬೆರಳ ತುದಿ ಇನ್ನೂ ಕೆಂಪಗಿತ್ತು.

"ಅದು ಡ್ಯೂಟಿಲಿದೆ ಅಮ್ಮಾ" ಎಂದಳು.