ಹೆಬ್ಬೆರಳ ಹಿಂದಿನ ಹುಡುಗ

ಒಂದೇ ಒಂದು ಶಿಳ್ಳೆ. ನಾಲ್ಕು ಸಾವಿರ ಜನ ಬಂದೂಕು ಕೆಳಗಿಟ್ಟರು.

ಶಿಳ್ಳೆ ಹೊಡೆದವನು ದೇವಸಮುದ್ರದ ಲೋಹಿತ. ಹೊಡೆದದ್ದು ಆಫ್ರಿಕಾದ ಒಂದು ಕಾಡಿನ ಅಂಚಿನಲ್ಲಿ. ಮೂರು ಹೊಲ ದಾಟಿ ಹೋದ ಅಪ್ಪನ ಕುರಿಹಿಂಡನ್ನು ಚಿಕ್ಕಂದಿನಲ್ಲಿ ಅವನು ವಾಪಸ್ ಕರೆಯುತ್ತಿದ್ದ ಶಿಳ್ಳೆಯೇ ಅದು. ಆ ನಾಲ್ಕು ಸಾವಿರದಲ್ಲಿ ಸಾವಿರದ ಇನ್ನೂರು ಮಂದಿ ಮಕ್ಕಳು. ಅವರನ್ನು ಹೆಗಲಿಗಿಬ್ಬರಂತೆ ಹೊತ್ತು, ಊಟದ ಬೆಲ್ಲಿಗೆ ಸರಿಯಾಗಿ ಶಾಲೆ ಮುಟ್ಟಿಸಿದ. ದಾರಿಯಲ್ಲಿ ಆನೆಗಳು ಪಕ್ಕಕ್ಕೆ ಸರಿದು ನಿಂತವು. ಒಂದು ಆನೆ ಸಲ್ಯೂಟ್ ಕೂಡ ಹೊಡೆಯಿತು.

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮೂಟೆಗಳ ಮೇಲೆ ಕೂತು ಇದನ್ನು ಕೇಳುತ್ತಿದ್ದವರು ಹತ್ತಾರು ಜನ.

“ಲೇ ಲೋಹಿತ, ಮೊನ್ನೆ ಮೂರು ಸಾವಿರ ಅಂದಿದ್ದೆ?” ಎಂದು ಕೇಳಿದ, ಮಾರ್ಕೆಟ್ಟಿನಲ್ಲಿ ಮೂಟೆ ತೂಗುವ ಬೊಮ್ಮಲಿಂಗಪ್ಪ.

“ಮೊನ್ನೆ ನಿನ್ನ ಪಕ್ಕ ಪೊಲೀಸಪ್ಪ ನಿಂತಿದ್ದ. ಸ್ವಲ್ಪ ಕಮ್ಮಿ ಹೇಳ್ದೆ.”

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಹಿಂದಿನಿಂದ ಒಂದು ತೆಳ್ಳನೆಯ ದನಿ ಬಂತು. “ಎಡಗಾಲಲ್ಲೋ, ಬಲಗಾಲಲ್ಲೋ?”

ಲೋಹಿತ ತಿರುಗಿದ. ಉತ್ತರಪತ್ರಿಕೆಗಳ ಕಟ್ಟು ತೊಡೆಯ ಮೇಲಿಟ್ಟುಕೊಂಡು, ಕೆಂಪು ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು ಒಬ್ಬಳು ಕೂತಿದ್ದಳು.

“ಏನು ಮೇಡಂ?”

“ಆನೆ ಸಲ್ಯೂಟ್ ಹೊಡೆದಿದ್ದು.”

ಅವಳು ಕಣ್ಣೆತ್ತಿ ನೋಡಿದ ಆ ಕ್ಷಣ ಚಳ್ಳಕೆರೆಯ ಅಷ್ಟೂ ಎಣ್ಣೆ ಮಿಲ್ಲುಗಳು ಗಕ್ಕನೆ ನಿಂತುಬಿಟ್ಟವು. ಕರೆಂಟು ಹೋಗಿತ್ತು ಎನ್ನುವವರು ಹೊಟ್ಟೆಕಿಚ್ಚಿನ ಜನ.

“ಸೊಂಡಿಲಲ್ಲಿ,” ಎಂದ ಲೋಹಿತ.

ಅವಳು ತುಟಿ ಕಚ್ಚಿಕೊಂಡಳು. ನಗು ಕಣ್ಣಿನಿಂದ ಆಚೆ ಬಂತು.

ಹೆಸರು ಗಂಗಲಕ್ಷ್ಮಿ. ಊರು ಮೊಳಕಾಲ್ಮುರು. ದೇವಸಮುದ್ರದಿಂದ ಎರಡು ಸ್ಟಾಪ್ ಆಚೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಇಷ್ಟನ್ನು ಮೊಳಕಾಲ್ಮುರು ಬಸ್ಸು ಊರು ದಾಟುವುದರೊಳಗೆ ಲೋಹಿತ ತಿಳಿದುಕೊಂಡ. ಒಂದು ಸೀಟಿಗೆ ಏಳು ಜನರಿದ್ದ ಆ ಬಸ್ಸಿನಲ್ಲಿ ಅವನು ಒಂಟಿಕಾಲಲ್ಲಿ ನಿಂತು ಮಾತಾಡಿದ. ಇನ್ನೊಂದು ಕಾಲು ಎಲ್ಲಿತ್ತೆಂದು ಅವನಿಗೇ ಗೊತ್ತಿರಲಿಲ್ಲ.

ಮರುದಿನದಿಂದ ಲೋಹಿತನಿಗೆ ಅವಳ ಸ್ಕೂಲಿನ ಕಡೆ ದಿನವೂ ಕೆಲಸ. ಒಂದು ದಿನ ಗೆಳೆಯನ ಬೈಕು ಪಂಕ್ಚರ್, ಒಂದು ದಿನ ಯಾರದೋ ಲಗ್ನಪತ್ರಿಕೆ, ಒಂದು ದಿನ ಸುಮ್ಮನೆ ಗಾಳಿ. ಸಂಜೆ ನಾಲ್ಕೂವರೆಯ ಬಸ್ಸಿಗೆ ಮಾತ್ರ ತಪ್ಪದೆ ಹಾಜರು. ಅವಳ ಜೊತೆ ಮೊಳಕಾಲ್ಮುರಿನವರೆಗೆ ಹೋಗಿ, ಮುಂದಿನ ಬಸ್ಸಿಗೆ ದೇವಸಮುದ್ರಕ್ಕೆ ವಾಪಸ್.

“ನಿಮ್ಮೂರು ಆ ಕಡೆ ಅಲ್ವೇನ್ರಿ?” ಎಂದು ಅವಳು ಕೇಳಿದಳು.

“ಭೂಮಿ ಗುಂಡಗೈತೆ ಮೇಡಂ. ಹೆಂಗ್ ಹೋದ್ರೂ ಮನೆ ಸಿಗುತ್ತೆ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಜಿನಲ್ಲಿ ಅವಳ ಕೆನ್ನೆಯ ಗುಳಿ ಕಂಡಿತು. ಆ ಗುಳಿಯಲ್ಲಿ ಲೋಹಿತ ಬಿದ್ದ. ಎತ್ತಲು ಕ್ರೇನ್ ತರಿಸಿದರೂ ಆಗುತ್ತಿರಲಿಲ್ಲ.

ಮೂರು ವಾರದೊಳಗೆ ಸುದ್ದಿ ಅವನ ಅವ್ವ ಮೂಗಮ್ಮನ ಕಿವಿಗೆ ಬಿತ್ತು. ಆಕೆ ಹೊಸ ಸೀರೆ ಉಟ್ಟು ಮೊಳಕಾಲ್ಮುರಿಗೆ ಹೋಗಿ ಹೆಣ್ಣು ಕೇಳಿಯೇ ಬಂದಳು. ಮನೆಯವರಿಗೆ ಒಪ್ಪಿಗೆ. ಹುಡುಗಿ ಮಾತ್ರ, “ಅವ್ರು ರಜೆ ಮುಗಿಸಿ ಹೊರಡೋದ್ರೊಳಗೆ ಹೇಳ್ತೀನಿ” ಎಂದಿದ್ದಳಂತೆ.

“ರಜೆ ಇನ್ನು ಎಂಟು ದಿನ ಐತೆ,” ಎಂದಳು ಮೂಗಮ್ಮ. “ಅಲ್ಲಿತಂಕ ಆ ಬಾಯಿಗೆ ಬೀಗ ಹಾಕ್ಕೊಂಡಿರಪ್ಪಾ.”

ಲೋಹಿತನ ಫೋನಿನಲ್ಲಿ ಒಂದು ಫೋಟೊ ಇತ್ತು. ವಿಶ್ವಸಂಸ್ಥೆಯ ಶಾಂತಿಪಡೆಯ ನೀಲಿ ಹೆಲ್ಮೆಟ್ ಹಾಕಿಕೊಂಡ, ಸೇನೆಯಲ್ಲಿ ನಾಯಕ್ ಹುದ್ದೆಯ ಲೋಹಿತ; ಪಕ್ಕದಲ್ಲಿ ಬಂದೂಕು ಹಿಡಿದ ಒಬ್ಬ. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ ಎಲ್ಲರೂ ಅದನ್ನು ನೋಡಿದ್ದರು. ತೋರಿಸುವಾಗ ಲೋಹಿತನ ಹೆಬ್ಬೆರಳು ಆ ಪಕ್ಕದವನ ಮುಖದ ಮೇಲೆ ಬರುತ್ತಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ರಾತ್ರಿ ಉಣ್ಣಲು ಕೂತಾಗ ಕೆಲವೊಮ್ಮೆ ಲೋಹಿತ ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದ. ಅದನ್ನೂ ಯಾರೂ ಗಮನಿಸಿರಲಿಲ್ಲ.

ರಜೆಯಲ್ಲಿ ಐದು ದಿನ ಉಳಿದಿದ್ದಾಗ ಗಂಗಲಕ್ಷ್ಮಿ ಬಸ್ಸಿನಲ್ಲಿ ಹೇಳಿದಳು. “ಒಂಬತ್ತನೇ ಕ್ಲಾಸಿಗೆ ವಿಶ್ವಸಂಸ್ಥೆ ಪಾಠ ನಡೀತೈತೆ. ನೀವು ಬಂದು ಮಾತಾಡಬೇಕಂತೆ. ಹೆಡ್‌ಮಾಸ್ಟರು ಕೇಳಿದ್ರು.”

“ಹೆಡ್‌ಮಾಸ್ಟರು ಕೇಳಿದ್ರಾ, ಟೀಚರ್ ಕೇಳಿದ್ರಾ?”

“ಟೀಚರ್ರು ಆನೆ ನೋಡಬೇಕಂತೆ,” ಎಂದು ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಮರುದಿನ ಲೋಹಿತ ಯೂನಿಫಾರ್ಮ್ ಇಸ್ತ್ರಿ ಮಾಡಿಸಿಕೊಂಡು ಬಂದ. ಆ ಇಸ್ತ್ರಿಯ ಗೆರೆಗೆ ತಗುಲಿ ಒಂದು ಸೊಳ್ಳೆ ಎರಡು ಹೋಳಾಯಿತು. ಹೆಡ್‌ಮಾಸ್ಟರ್ ಚಿಕ್ಕಬಸಪ್ಪ ಹಾರ ಹಾಕಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಶಿಳ್ಳೆ, ಕಾಡು, ಆನೆ ಎಲ್ಲ ಬಂದವು. ಬೆಂಚುಗಳು ಕುಣಿದವು.

ಆಗ ಮುಂದಿನ ಸಾಲಿನ ಸ್ವಪ್ನ ಎಂಬ ಹುಡುಗಿ ಎದ್ದು ನಿಂತಳು. “ಸರ್, ಬಂದೂಕು ಹಿಡ್ಕೊಂಡು ಬಂದೋರಲ್ಲಿ ಯಾರು ಮಕ್ಕಳು, ಯಾರು ದೊಡ್ಡೋರು ಅಂತ ಹೆಂಗ್ ಗೊತ್ತಾಗ್ತಿತ್ತು? ಅಲ್ಲಿ ಆಧಾರ್ ಕಾರ್ಡ್ ಐತಾ?”

ಕ್ಲಾಸು ನಕ್ಕಿತು. ಲೋಹಿತ ನಗಲಿಲ್ಲ.

“ಇಲ್ಲಮ್ಮ. ಅದಕ್ಕೇ ರೂಲು ಐತೆ. ಹದಿನೆಂಟು ತುಂಬದೋರು ಎಲ್ರೂ ಮಕ್ಕಳೇ. ಬಂದೂಕು ಹಿಡ್ದಿದ್ರೂ ಮಕ್ಕಳೇ. ಅನುಮಾನ ಬಂದ್ರೂ ಮಗು ಅಂತಾನೇ ಬರ್ಕೋಬೇಕು. ದೊಡ್ಡೋರ ಜೊತೆ ಕೂರಿಸಂಗಿಲ್ಲ. ಮಕ್ಕಳನ್ನ ನೋಡ್ಕೊಳ್ಳೋಕೇ ಒಬ್ಬ ಅಧಿಕಾರಿ ಇರ್ತಾರೆ, ಅವರನ್ನ ಕರೆಸಬೇಕು. ಅವರ ಜನ ಹೆಸರು, ಊರು ಕೇಳ್ಕೊಂಡು, ಊರೂರು ತಿರುಗಿ ಅಪ್ಪ ಅವ್ವನ್ನ ಹುಡುಕ್ತಾರೆ. ಆಮೇಲೆ... ಫೋಟೊ ತೆಗಿಯಂಗಿಲ್ಲ. ಮುಖ ಯಾರಿಗೂ ಗೊತ್ತಾಗಬಾರ್ದು.”

ಇಷ್ಟು ಹೇಳುವಾಗ ಅವನ ಮಾತಿನಲ್ಲಿ ಒಂದೇ ಒಂದು ಸೊನ್ನೆಯೂ ಹೆಚ್ಚಿಗೆ ಸೇರಿರಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಗಂಗಲಕ್ಷ್ಮಿ ಅದನ್ನು ಗಮನಿಸಿದಳು. ಅವನನ್ನು ಮೊದಲ ಸಲ ನೋಡುವಂತೆ ನೋಡಿದಳು.

“ಸರ್, ನಿಮ್ಮ ಫೋಟೊ ತೋರಿಸಿ ಸರ್!” ಮಕ್ಕಳೆಲ್ಲ ಕೂಗಿದರು. ಫೋಟೊದ ಕಥೆ ಅಲ್ಲಿಗೂ ಬಂದಿತ್ತು.

ತೋರಿಸದೆ ದಾರಿ ಇರಲಿಲ್ಲ. ಲೋಹಿತ ಫೋನು ತೆಗೆದ. ಗಂಗಲಕ್ಷ್ಮಿ ಹತ್ತಿರ ಬಂದಳು. ಅವಳ ಮುಡಿಯ ಕನಕಾಂಬರ ಅವನ ಭುಜಕ್ಕೆ ಒಂದು ಗೇಣು ದೂರದಲ್ಲಿತ್ತು. ಬೇರೆ ದಿನವಾಗಿದ್ದರೆ ಅವನು ಅದರ ಮೇಲೆ ಒಂದು ಪುರಾಣ ಕಟ್ಟುತ್ತಿದ್ದ.

“ಹೆಬ್ಬೆರಳು ತೆಗೀರಿ,” ಎಂದಳು ಮೆಲ್ಲಗೆ.

“ಅಲ್ಲೇನಿಲ್ಲ ಮೇಡಂ.”

“ತೆಗೀರಿ.”

ತೆಗೆದ.

ಅವಳು ಎಷ್ಟು ಹೊತ್ತು ನೋಡಿದಳೋ. ಮಕ್ಕಳು ಕತ್ತು ಚಾಚುತ್ತಿದ್ದರು. ಕೊನೆಗೆ ಅವಳು ಫೋನನ್ನು ಮಗುಚಿ ಅವನ ಅಂಗೈಯಲ್ಲಿಟ್ಟಳು. “ಫೋಟೊ ಸರಿಯಾಗಿ ಬಂದಿಲ್ಲ ಕಣ್ರೋ, ಮಸುಕಾಗೈತೆ,” ಎಂದು ತರಗತಿಗೆ ಹೇಳಿದಳು. “ಎಲ್ರೂ ಸರ್‌ಗೆ ಥ್ಯಾಂಕ್ಸ್ ಹೇಳಿ.”

ಎಂದೂ ಸುಳ್ಳಾಡದವಳು ತನಗಾಗಿ ಒಂದು ಸುಳ್ಳಾಡಿದಳು. ಮಕ್ಕಳು ಒಕ್ಕೊರಲಿನಲ್ಲಿ ಥ್ಯಾಂಕ್ಸ್ ಹೇಳುವಾಗ ಲೋಹಿತನಿಗೆ ಕೊರಳಿನ ಹಾರ ಭಾರವಾಯಿತು.

ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಅವನಿಗೊಂದು ಕುರ್ಚಿ ಎಳೆದುಕೊಟ್ಟು ಎದುರಿಗೆ ಕೂತಳು.

“ಎಷ್ಟು ವಯಸ್ಸು ಅವನಿಗೆ?”

“ಹದಿನೆಂಟು.”

“ಮುಂದಿನ ಎರಡು ಹಲ್ಲು ಮುಖಕ್ಕಿಂತ ದೊಡ್ಡವು. ಕತ್ತು ಇನ್ನೂ ದಪ್ಪ ಆಗಿಲ್ಲ. ಇಂಥೋರು ನನ್ನ ಕೈ ಕೆಳಗೆ ನಲವತ್ತು ಮಂದಿ ಅವ್ರೆ. ಎಂಟನೇ ಕ್ಲಾಸು. ಹದಿಮೂರು ತುಂಬಿದ್ರೆ ಹೆಚ್ಚು.”

“ಆ ಕಡೆ ಜನ ಕುಳ್ಳ ಮೇಡಂ.”

“ಲೋಹಿತ್.”

ಮೊದಲ ಸಲ ಅವಳು ಅವನನ್ನು ಹೆಸರು ಹಿಡಿದು ಕರೆದಿದ್ದಳು. ಅದಕ್ಕಾಗಿ ಅವನು ಮೂರೂವರೆ ವಾರ ಕಾದಿದ್ದ. ಬಂದದ್ದು ಹೀಗೆ.

“ನಾಲ್ಕು ಸಾವಿರ ಅಲ್ಲ,” ಎಂದ. “ಹನ್ನೊಂದು ಜನ. ಶಿಳ್ಳೆ ಇಲ್ಲ, ಏನಿಲ್ಲ. ಅವರೇ ಬಂದೂಕು ಒಪ್ಪಿಸೋಕೆ ನಮ್ಮ ಕ್ಯಾಂಪಿನ ಗೇಟಿಗೆ ಬಂದ್ರು, ಹಸಿದಿದ್ರು. ನಾನು ಗೇಟ್ ಡ್ಯೂಟಿ. ಹೆಸರು, ವಯಸ್ಸು, ಬಂದೂಕಿನ ನಂಬರು ಬರ್ಕೊಳ್ಳೋದು, ಅಷ್ಟೇ ನನ್ನ ಕೆಲಸ.”

“ಹೂಂ.”

“ಕೊನೇಲಿ ಇವನು ನಿಂತಿದ್ದ. ವಯಸ್ಸೆಷ್ಟು ಅಂತ ಕೇಳ್ದೆ. ಮೊದ್ಲು ಹತ್ತು ಬೆರಳು ತೋರಿಸ್ದ, ಆಮೇಲೆ ಎಂಟು. ಯಾರೋ ಹೇಳಿಕೊಟ್ಟಿದ್ರು. ಬೆರಳು ಎಣಿಸ್ಕೊಂಡು ಎಣಿಸ್ಕೊಂಡು ತೋರಿಸ್ದ ಗಂಗಾ. ಹದಿನೆಂಟಾದೋನು ಹಂಗೆ ಎಣಿಸ್ತಾನಾ?”

ಅವಳು ಅಡ್ಡಡ್ಡ ತಲೆಯಾಡಿಸಿದಳು.

“ನನ್ನ ಕೈಯಾಗೆ ಫೋನಿತ್ತು. ಬಂದೂಕು ಹಿಡ್ದೋನ ಪಕ್ಕ ನಿಂತು ಒಂದು ಫೋಟೊ ತಗೊಂಡು ನಮ್ಮೂರ ಗ್ರೂಪಿಗೆ ಹಾಕ್ಬೇಕು ಅಂತಿದ್ದೆ. ದೊಡ್ಡೋರು ಯಾರೂ ಒಪ್ಪಲಿಲ್ಲ. ಇವನು ಒಪ್ಪಿದ, ಬಿಸ್ಕತ್ ಕೊಟ್ಟೆ. ಮಗು ಅಂತ ಬರೆದ್ರೆ ಫೋಟೊ ಇಲ್ಲ. ಹದಿನೆಂಟು ಅಂತ ಬರೆದ್ರೆ...”

ಹೊರಗೆ ಮಕ್ಕಳು ಕಬಡ್ಡಿ ಆಡುವ ಸದ್ದು ಕೇಳುತ್ತಿತ್ತು.

“ಆಮೇಲೆ?”

“ದೊಡ್ಡೋರ ಲಾರಿ ಹತ್ತಿಸಿದ್ರು. ಹತ್ತೋಕೆ ಎಟುಕ್ಲಿಲ್ಲ ಅವನಿಗೆ. ನಾನೇ ಎತ್ತಿದೆ.” ತನ್ನ ಎರಡು ಕೈಗಳನ್ನು ನೋಡಿಕೊಂಡ. “ಎಲ್ಲಿಗೆ ಹೋದ್ನೋ, ಏನಾದ್ನೋ ಗೊತ್ತಿಲ್ಲ.”

“ಹೆಸರು?”

“ಬಹಾತಿ.” ಒಂದು ವರ್ಷದಲ್ಲಿ ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಗಂಗಲಕ್ಷ್ಮಿ ಎದ್ದು ಹೋಗಿ ಹೂಜಿಯಿಂದ ಒಂದು ಲೋಟ ನೀರು ತಂದುಕೊಟ್ಟಳು. ಅವನು ಕುಡಿಯುವವರೆಗೆ ಕಾದಳು.

“ನಂಗೆ ಹೇಳಿದ್ರೆ ಮುಗೀತಾ?”

“ಇನ್ಯಾರಿಗೆ ಹೇಳ್ಲಿ?”

“ಊರೂರು ತಿರುಗಿ ಹುಡುಕೋ ಜನ ಅವ್ರೆ ಅಂತ ಈಗ ತಾನೇ ಮಕ್ಕಳಿಗೆ ಹೇಳಿದ್ರಲ್ಲ. ದೊಡ್ಡವನು ಅಂತ ಬರೆದಿರೋನ್ನ ಅವ್ರು ಯಾಕೆ ಹುಡುಕ್ತಾರೆ? ಬರೀರಿ. ಹೆಸರು, ತಾರೀಕು, ಗೇಟು, ಲಾರಿ, ಎಲ್ಲ.”

“ಬರೆದ್ರೆ ಎನ್‌ಕ್ವೈರಿ ಆಗುತ್ತೆ. ಹವಾಲ್ದಾರ್ ಆಗೋದು ಈ ವರ್ಷ. ಅದೂ ಹೋಗುತ್ತೆ.”

“ಹೋಗಬೌದು. ಇಲ್ಲಿ ಕೂತ್ಕೊಂಡು ಹೇಳೋದು ನಂಗೆ ಸುಲಭ. ಆದ್ರೂ ಹೇಳ್ತೀನಿ.”

ಲೋಹಿತ ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟ. ಕೊನೆಗೆ ಕೇಳಿಯೇಬಿಟ್ಟ. “ಬರೆದ್ರೆ... ನಮ್ಮ ವಿಷಯ? ಹೂಂ ಅಂತೀಯಾ?”

ಅವಳ ಕಣ್ಣು ತುಂಬಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು.

“ಅದನ್ನ ಇದಕ್ಕೆ ಗಂಟು ಹಾಕಬೇಡಿ. ನಂಗೋಸ್ಕರ ಬರೆದ್ರೆ ಇದೂ ಇನ್ನೊಂದು ಫೋಟೊನೇ ಆಗುತ್ತೆ.”

ಅಂಥ ಪೆಟ್ಟು ಲೋಹಿತ ಗಡಿಯಲ್ಲೂ ತಿಂದಿರಲಿಲ್ಲ. ಗಡಿಯಲ್ಲಿ ಅವನು ಯಾವ ಪೆಟ್ಟನ್ನೂ ತಿಂದಿರಲಿಲ್ಲ, ಆ ಮಾತು ಬೇರೆ.

“ಕಾಗದ ಕೊಡಿ,” ಎಂದ.

“ಮೊದ್ಲು ಕನ್ನಡದಾಗೆ ಬರೀರಿ. ಇಂಗ್ಲಿಷಿಗೆ ಆಮೇಲೆ ಇಬ್ರೂ ಕೂತು ತರೋಣ.”

ಅವನು ಬರೆದ. ತಾರೀಕು ಬರೆದ, ಜಾಗ ಬರೆದ, ಬಹಾತಿ ಎಂದು ಬರೆದ. ಆಮೇಲೆ ಪೆನ್ನು ನಿಂತು ನಿಂತು ನಡೆಯಿತು. ಹಾಳೆಯನ್ನು ಅವಳ ಕಡೆ ಸರಿಸಿದ. ಅವಳು ಓದಿದಳು.

“‘ಸದರಿ ಹುಡುಗನ ವಯಸ್ಸು ಹದಿನೆಂಟು ಎಂದು ದಾಖಲಿಸಲಾಯಿತು.’” ತಲೆಯೆತ್ತಿದಳು. “ಇದು ಕರ್ಮಣಿ ಪ್ರಯೋಗ. ಎಂಟನೇ ಕ್ಲಾಸಿನ ವ್ಯಾಕರಣ.”

“ಆಫೀಸಿನ ಕಾಗದ ಹಂಗೇ ಇರುತ್ತೆ.”

“ದಾಖಲಿಸಲಾಯಿತು ಅಂದ್ರೆ, ಯಾರು ದಾಖಲಿಸಿದ್ರು?”

ಲೋಹಿತನ ಕಿವಿ ಬಿಸಿಯಾಯಿತು. ಹಾಳೆ ಎಳೆದುಕೊಂಡ. ‘ಗೇಟಿನಲ್ಲಿದ್ದ ಸಿಪಾಯಿಯು ದಾಖಲಿಸಿದನು’ ಎಂದು ತಿದ್ದಿದ.

“ಯಾವ ಸಿಪಾಯಿ?” ಅವಳ ದನಿಯಲ್ಲಿ ಟೀಚರ್ ಇರಲಿಲ್ಲ. “ಲೋಹಿತ್, ಇದ್ರಲ್ಲಿ ನೀವು ಎಲ್ಲಿದ್ದೀರಿ?”

ದೂರದಲ್ಲಿ ನಾಲ್ಕೂವರೆಯ ಬಸ್ಸು ಹಾರನ್ ಹೊಡೆಯಿತು. ಅವಳು ಬ್ಯಾಗು ಎತ್ತಿಕೊಳ್ಳಲಿಲ್ಲ, ಗಡಿಯಾರ ನೋಡಲಿಲ್ಲ. ಕುರ್ಚಿಯನ್ನು ಎದುರಿನಿಂದ ಎತ್ತಿ ತಂದು ಅವನ ಪಕ್ಕಕ್ಕೆ ಹಾಕಿಕೊಂಡು ಕೂತಳು. ಬಸ್ಸು ಹೋದ ಸದ್ದು ಇಬ್ಬರಿಗೂ ಕೇಳಿಸಿತು.

ಲೋಹಿತ ಎರಡೂ ಸಾಲಿನ ಮೇಲೆ ಗೀಟು ಎಳೆದ. ಆಮೇಲೆ ತಾನು ಬರೆಯುತ್ತಿದ್ದುದನ್ನು ತನಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಓದಿಕೊಳ್ಳುತ್ತ, ಒಂದೊಂದೇ ಅಕ್ಷರ ಬರೆದ.

“ಅವನು ಮಗು ಎಂದು ನನಗೆ ಗೊತ್ತಿತ್ತು. ಹದಿನೆಂಟು ಎಂದು ನಾನು ಬರೆದೆ. ಒಂದು ಫೋಟೊಗಾಗಿ ಬರೆದೆ.”

“ಇಷ್ಟು ಸಾಕು,” ಎಂದಳು ಅವಳು.

“ಸಾಲಲ್ಲ,” ಎಂದ. ಪೆನ್ನು ಎತ್ತಲಿಲ್ಲ. “ಮರುದಿನ ಮಕ್ಕಳ ಅಧಿಕಾರಿಯವರು ನಾಲ್ಕು ಗಂಟೆ ಕೆಸರಿನ ದಾರಿಯಲ್ಲಿ ಬಂದು, ಅವರಲ್ಲಿ ಮಕ್ಕಳು ಯಾರಾದರೂ ಇದ್ದರಾ ಎಂದು ಕೇಳಿದರು. ಇಲ್ಲ ಎಂದವನೂ ನಾನೇ.”